ಅನುಕಂಪವೆಂಬ ವಿದ್ಯೆ

ಪರರ ಕಷ್ಟವನ್ನು ಕಂಡಾಗ ನಮ್ಮ ಮನಸ್ಸಿನಲ್ಲಿ ಏಳುವ ಭಾವಕ್ಕೆ ಕನ್ನಡದಲ್ಲಿ ಹೆಸರುಗಳ ಬರವಿಲ್ಲ. ಮರುಕ, ಕನಿಕರ, ದಯೆ, ಕರುಣೆ, ಅನುಕಂಪ, ಸಹಾನುಭೂತಿ ಎಂದು ನಿಘಂಟಿನಲ್ಲಿ ಅವು ಒಂದರ ಹಿಂದೆ ಒಂದಾಗಿ ಸಾಲುಗಟ್ಟಿ ನಿಂತಿವೆ. ನಿತ್ಯವ್ಯವಹಾರದಲ್ಲಿ ನಾವು ಒಂದರ ಸ್ಥಾನದಲ್ಲಿ ಇನ್ನೊಂದನ್ನು ಯಥೇಚ್ಛವಾಗಿ ಬಳಸುತ್ತೇವೆ. ಅದರಿಂದ ಯಾರಿಗೂ ನಷ್ಟವಾದಂತೆ ತೋರುವುದಿಲ್ಲ. ಆದರೆ ಮನಸ್ಸಿನ ಚಿಕಿತ್ಸಕರ ಕೊಠಡಿಯೊಳಕ್ಕೆ ಕಾಲಿಟ್ಟೊಡನೆ ಈ ಶಬ್ದಗಳ ನಡುವಣ ಅಂತರ ಪಂಡಿತರ ಚರ್ಚೆಯ ವಿಷಯವಾಗಿ ಉಳಿಯುವುದಿಲ್ಲ. ಅಲ್ಲಿ ಮರುಕದಿಂದ ಕೆಟ್ಟ ಬಾಳುಗಳುಂಟು. ಅನುಕಂಪದಿಂದ ಚಿಗುರಿದ ಬಾಳುಗಳೂ ಉಂಟು.

ಮರುಕವು ಮೇಲಿನಿಂದ ಕೆಳಕ್ಕೆ ನೋಡುವ ನೋಟ. 'ಅಯ್ಯೋ ಪಾಪ' ಎನ್ನುವವನು ದಡದ ಮೇಲೆಯೇ ನಿಂತಿರುತ್ತಾನೆ. 'ಅನುಕಂಪ' ಎಂಬ ಶಬ್ದವನ್ನಾದರೋ ಬಿಡಿಸಿ ನೋಡಿದರೆ, ಇನ್ನೊಬ್ಬನು ಕಂಪಿಸಿದಾಗ ಅವನನ್ನನುಸರಿಸಿ ತಾನೂ ಕಂಪಿಸುವುದು ಎಂದರ್ಥ. ಅವನು ನಡುಗುತ್ತಿರುವುದೇಕೆಂದು ತಿಳಿಯದೆ ಅವನೊಡನೆ ಕಂಪಿಸುವುದಾದರೂ ಹೇಗೆ? ಆದಕಾರಣ ಅನುಕಂಪದೊಳಗೆ ತಿಳಿವಳಿಕೆಯೂ ಸೇರಿರಲೇಬೇಕು. ಅದು ಹುಟ್ಟಿನಿಂದ ಬಂದ ಸ್ವಭಾವವಷ್ಟೇ ಅಲ್ಲ, ಕಲಿಯಬೇಕಾದ ವಿದ್ಯೆ. ಈ ವಿದ್ಯೆಯ ಅಗತ್ಯ ಅತ್ಯಂತ ಸ್ಪಷ್ಟವಾಗಿ ಕಾಣುವ ಒಂದು ಕ್ಷೇತ್ರವನ್ನು ಈ ವಾರ ವಾಚಕರ ಮುಂದಿರಿಸಲು ಬಯಸುತ್ತೇನೆ.

ಕೆಲವರ ಮೆದುಳು ಹುಟ್ಟಿನಿಂದಲೇ ಬಹುಸಂಖ್ಯಾತರ ಮೆದುಳಿಗಿಂತ ಬೇರೆಯ ರೀತಿಯಲ್ಲಿ ಬೆಳೆಯುತ್ತದೆ. ಸ್ವಲೀನತೆ ಅಥವಾ ಆಟಿಸಂ, ಗಮನವನ್ನು ಒಂದೆಡೆ ನಿಲ್ಲಿಸಲಾಗದ ಅತಿ ಚಟುವಟಿಕೆಯ ಸ್ಥಿತಿ, ಬುದ್ಧಿ ಚುರುಕಾಗಿದ್ದರೂ ಓದುಬರಹ ಕೈಹತ್ತದ ಡಿಸ್ಲೆಕ್ಸಿಯ, ಇವೆಲ್ಲ ಈ ಗುಂಪಿಗೆ ಸೇರಿದವು. 1990ರ ದಶಕದ ಕೊನೆಯ ಭಾಗದಲ್ಲಿ 'ನ್ಯೂರೋಡೈವರ್ಸಿಟಿ' ಎಂಬ ಶಬ್ದ ಪ್ರಚಾರಕ್ಕೆ ಬಂದಿತು. ಕನ್ನಡದಲ್ಲಿ 'ನರವೈವಿಧ್ಯ' ಎನ್ನಬಹುದು. ಕಾಡಿನಲ್ಲಿ ಮರಗಳು ನಾನಾ ಬಗೆಯಾಗಿರುವಂತೆ ಮನುಷ್ಯರ ಮೆದುಳುಗಳೂ ನಾನಾ ಬಗೆ ಎಂಬುದು ಅದರ ತಿರುಳು. ಶಾಸ್ತ್ರೀಯ ಹೆಸರುಗಳು ಹುಟ್ಟುವ ಮುನ್ನವೂ ಇಂಥವರು ನಮ್ಮ ನಡುವೆ ಇದ್ದರು. ನಾವು ಅವರಿಗೆ ಕೊಟ್ಟ ಹೆಸರುಗಳೇನು? ಮೊದ್ದು, ಹಟಮಾರಿ, ಅರೆಹುಚ್ಚ, ದುರಹಂಕಾರಿ! ಹೆಸರಿಡುವುದರಲ್ಲಿ ನಾವು ತೋರಿದ ಚುರುಕನ್ನು ಅರಿಯುವುದರಲ್ಲಿ ತೋರಲಿಲ್ಲ.

'ಆಟಿಸಂ' ಎಂಬ ಶಬ್ದದ ಮೂಲ 'ತಾನು' ಎಂಬರ್ಥದ ಗ್ರೀಕ್ ಪದ. ಸ್ವಿಟ್ಸರ್ಲೆಂಡಿನ ವೈದ್ಯ ಬ್ಲಾಯ್ಲರನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಬೇರೊಂದು ಮನೋರೋಗದ ಲಕ್ಷಣವನ್ನು ಸೂಚಿಸುವುದಕ್ಕಾಗಿ ಬಳಸಿದ್ದನು. 1925ರಲ್ಲಿ ರಷ್ಯಾದ ಮಕ್ಕಳ ಮನೋವೈದ್ಯೆ ಗ್ರೂನ್ಯಾ ಸುಖರೇವಾ ಆರು ಬಾಲಕರನ್ನು ಕುರಿತು ಬರೆದ ವರ್ಣನೆ ಇಂದಿನ ಸ್ವಲೀನತೆಯ ವರ್ಣನೆಗೆ ಬಹಳ ಹತ್ತಿರವಾಗಿದೆ. ಆದರೆ ಆ ಬರಹವನ್ನು ಲೋಕ ಬಹುಕಾಲ ಮರೆತಿತ್ತು. ಲೋಕದ ಕಣ್ಣನ್ನು ತೆರೆಸಿದ್ದು 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ ಪ್ರಕಟಿಸಿದ ಲೇಖನ. ಹನ್ನೊಂದು ಮಕ್ಕಳ ವೃತ್ತಾಂತ ಅದರಲ್ಲಿದೆ. ಅವರಲ್ಲಿ ಮೊದಲನೆಯವನೇ ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್. ನಮ್ಮ ವಿಷಯಕ್ಕೆ ಇವನ ಬಾಳಿಗಿಂತ ಒಳ್ಳೆಯ ವ್ಯಾಖ್ಯಾನ ದೊರೆಯದು.

ಡೊನಾಲ್ಡ್ 1933ರಲ್ಲಿ ಜನಿಸಿದನು. ತಂದೆ ವಕೀಲರು, ತಾಯಿ ವಿದ್ಯಾವಂತೆ. ಮಗುವಿನ ನೆನಪಿನ ಶಕ್ತಿ ಅಸಾಧಾರಣವಾಗಿತ್ತು. ಆದರೆ ಅವನು ಯಾರ ಕಡೆಗೂ ತಿರುಗಿ ನೋಡುತ್ತಿರಲಿಲ್ಲ; ದುಂಡಾದ ವಸ್ತುಗಳನ್ನು ಗಿರಗಿರನೆ ತಿರುಗಿಸುವುದರಲ್ಲಿ ತಲ್ಲೀನನಾಗಿರುತ್ತಿದ್ದನು; ದಿನಚರಿಯಲ್ಲಿ ಎಳ್ಳಷ್ಟು ವ್ಯತ್ಯಾಸವಾದರೂ ಮನೆಯೇ ಹಾರಿಹೋಗುವಂತೆ ಕೂಗುತ್ತಿದ್ದನು. ವೈದ್ಯರ ಸಲಹೆಯಂತೆ ಮೂರು ವರ್ಷದ ಆ ಮಗುವನ್ನು ಮನೆಯಿಂದ ದೂರದ ಒಂದು ಆರೋಗ್ಯಸಂಸ್ಥೆಯಲ್ಲಿ ಬಿಟ್ಟರು. ಒಂದು ವರ್ಷ ಕಳೆಯಿತು. ಇನ್ನೂ ಅಲ್ಲಿಯೇ ಇರಲಿ ಎಂದು ಅಲ್ಲಿನ ಮುಖ್ಯಸ್ಥರು ಹೇಳಿದರೂ ತಂದೆತಾಯಿಗಳ ಮನಸ್ಸು ಒಪ್ಪಲಿಲ್ಲ. 1938ರಲ್ಲಿ ಮಗನನ್ನು ಮನೆಗೆ ಕರೆತಂದರು. ತಂದೆ ಮೂವತ್ತಮೂರು ಪುಟಗಳ ಸುದೀರ್ಘವಾದ ಪತ್ರವೊಂದನ್ನು ಬರೆಸಿ ಕ್ಯಾನರರಿಗೆ ಕಳುಹಿಸಿದರು. ಮಗುವನ್ನು ಅಳೆಯದೆ, ತೂಗದೆ, ಕೇವಲ ಕಂಡುದನ್ನು ಕಂಡಂತೆ ಬರೆದ ಆ ಪತ್ರವೇ ಒಂದು ಹೊಸ ಶಾಸ್ತ್ರಕ್ಕೆ ನಾಂದಿಯಾಯಿತು.

ಕ್ಯಾನರ್ ದಾಖಲಿಸಿರುವ ಒಂದು ಸಂಗತಿ ಭಾಷೆಯ ಅಧ್ಯಾಪಕನಾದ ನನ್ನನ್ನು ವಿಶೇಷವಾಗಿ ಆಕರ್ಷಿಸಿದೆ. ಮಗನಿಗೆ 'ಹೌದು', 'ಇಲ್ಲ' ಎಂಬ ಮಾತುಗಳನ್ನು ಕಲಿಸಬೇಕೆಂದು ತಂದೆ ಒಮ್ಮೆ "ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಳ್ಳಲೇ?" ಎಂದು ಕೇಳಿ, ಬೇಕಾದರೆ 'ಹೌದು' ಎನ್ನಬೇಕೆಂದು ಹೇಳಿಕೊಟ್ಟರು. ಮಗು 'ಹೌದು' ಎಂದಿತು. ಅಂದಿನಿಂದ ಅವನ ನಿಘಂಟಿನಲ್ಲಿ 'ಹೌದು' ಎಂದರೆ 'ಅಪ್ಪಾ, ಹೆಗಲ ಮೇಲೆ ಕೂರಿಸಿಕೋ' ಎಂದೇ ಅರ್ಥ! ತಿಳಿಯದವರು ಇದನ್ನು ಅಸಂಬದ್ಧ ಪ್ರಲಾಪವೆನ್ನುತ್ತಾರೆ. ತಿಳಿದವರಿಗೆ ಆ ಒಂದು ಶಬ್ದದಲ್ಲಿ ತಂದೆಯ ಹೆಗಲನ್ನೇರಬಯಸುವ ಮಗುವಿನ ಆಸೆಯೆಲ್ಲ ಕೇಳಿಸುತ್ತದೆ. ಅರ್ಥವಿಲ್ಲವೆಂದು ನಾವು ತಳ್ಳಿಹಾಕುವ ಎಷ್ಟೋ ಮಾತುಗಳಿಗೂ ಚೇಷ್ಟೆಗಳಿಗೂ ಹೀಗೆ ಒಂದು ಖಾಸಗಿ ವ್ಯಾಕರಣವಿರುತ್ತದೆ. ಅದನ್ನು ತಾಳ್ಮೆಯಿಂದ ಓದಿ ತಿಳಿಯುವುದೇ ಚಿಕಿತ್ಸಕನ ಮೊದಲ ಕರ್ತವ್ಯ.

1942ರಲ್ಲಿ ಡೊನಾಲ್ಡನನ್ನು ಊರಿಗೆ ಸಮೀಪದಲ್ಲಿಯೇ ಇದ್ದ ಒಂದು ಬಡ ರೈತ ದಂಪತಿಗಳ ಮನೆಯಲ್ಲಿ ಬಿಟ್ಟರು. ಅವರಿಗೆ ಮಕ್ಕಳಿರಲಿಲ್ಲ. ಮನಶ್ಶಾಸ್ತ್ರದ ಗಂಧವೂ ಅವರಿಗಿರಲಿಲ್ಲ. ಮೂರು ವರ್ಷಗಳ ತರುವಾಯ ಕ್ಯಾನರ್ ಅಲ್ಲಿಗೆ ಹೋಗಿ ನೋಡಿ ಬೆರಗಾದರು. ಹುಡುಗನಿಗೆ ಅಳೆಯುವ ಗೀಳು ಹಿಡಿದಿತ್ತು. ರೈತನು ಅವನಿಂದ ಬಾವಿ ತೋಡಿಸಿ, ಅದರ ಆಳವನ್ನು ಅಳೆದು ಹೇಳುವ ಕೆಲಸವನ್ನು ವಹಿಸಿದನು. ಸತ್ತ ಹಕ್ಕಿಗಳನ್ನೂ ಹುಳುಗಳನ್ನೂ ಅವನು ಆಯ್ದು ತರುತ್ತಿದ್ದನು. ಬೈಯುವುದರ ಬದಲು ಅವುಗಳಿಗೆಂದು ಒಂದು ಪುಟ್ಟ ಸ್ಮಶಾನಕ್ಕೆ ಜಾಗ ಕೊಟ್ಟು, ಗುರುತಿನ ಫಲಕಗಳನ್ನು ನೆಡಿಸಿದರು. ಮೆಕ್ಕೆಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದನು; ಉಳುತ್ತಾ ಎಣಿಸು ಎಂದು ಅವನ ಕೈಗೆ ನೇಗಿಲನ್ನು ಕೊಟ್ಟರು. ವೈದ್ಯರ ಕಣ್ಣೆದುರಿನಲ್ಲಿಯೇ ಅವನು ಆರು ಉದ್ದನೆಯ ಸಾಲುಗಳನ್ನು ಉತ್ತು, ಕುದುರೆಯನ್ನು ಜಾಣ್ಮೆಯಿಂದ ತಿರುಗಿಸಿದನಂತೆ!

ವಾಚಕರು ಇಲ್ಲಿ ಕ್ಷಣಕಾಲ ನಿಲ್ಲಬೇಕೆಂದು ಪ್ರಾರ್ಥಿಸುತ್ತೇನೆ. ಆ ದಂಪತಿಗಳು ಹುಡುಗನ ಗೀಳನ್ನು ಕೀಳಲಿಲ್ಲ. ಅದಕ್ಕೊಂದು ಹೊಲವನ್ನು ಕೊಟ್ಟರು. ಆದರೆ 'ಪಾಪದ ಹುಡುಗ, ಎಣಿಸಿಕೊಂಡು ಮೂಲೆಯಲ್ಲಿ ಕುಳಿತಿರಲಿ' ಎಂದು ಕೈಬಿಡಲೂ ಇಲ್ಲ. ಬಾವಿ ತೋಡಬೇಕಾಗಿತ್ತು, ತೋಡಿಸಿದರು. ಹೊಲ ಉಳಬೇಕಾಗಿತ್ತು, ಉಳಿಸಿದರು. ಮುಂದೆ ಡೊನಾಲ್ಡ್ ಕಾಲೇಜಿನಲ್ಲಿ ಫ್ರೆಂಚ್ ಭಾಷೆಯನ್ನು ವ್ಯಾಸಂಗ ಮಾಡಿ 1958ರಲ್ಲಿ ಪದವೀಧರನಾದನು. ತಾಯಿಯ ಮನೆತನಕ್ಕೆ ಸೇರಿದ ಊರಿನ ಬ್ಯಾಂಕಿನಲ್ಲಿ ಅರವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಕೆಲಸ ಮಾಡಿದನು, ಗಾಲ್ಫ್ ಆಡಿದನು, ಒಬ್ಬನೇ ದೇಶವಿದೇಶಗಳನ್ನು ಸುತ್ತಿದನು. 2023ರಲ್ಲಿ, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಮನೆತನದ ಸಂಪತ್ತು ಅವನಿಗೆ ನೆರವಾಯಿತೆಂಬುದು ನಿಜ. ಆದರೆ ಅವನನ್ನು ಅವನಿದ್ದಂತೆಯೇ ತನ್ನವನೆಂದು ಒಪ್ಪಿಕೊಂಡ ಊರಿನ ನೆರವೂ ಅಷ್ಟೇ ದೊಡ್ಡದು.

ಇದು ಬೆಳಕಿನ ಮುಖ. ಕತ್ತಲೆಯ ಮುಖವೂ ಇದೆ. ಮಗು ಹೀಗೇಕಾಯಿತೆಂಬ ಪ್ರಶ್ನೆಗೆ ಉತ್ತರ ತಿಳಿಯದಿದ್ದಾಗ, ಸುಲಭವಾಗಿ ಕೈಗೆ ಸಿಕ್ಕುವವಳು ಯಾರು? ತಾಯಿ! ತಂದೆತಾಯಿಗಳ, ಮುಖ್ಯವಾಗಿ ತಾಯಂದಿರ, ಪ್ರೀತಿಯಲ್ಲಿ ಬಿಸುಪಿಲ್ಲದುದರಿಂದಲೇ ಮಕ್ಕಳು ಹೀಗಾದರೆಂಬ ವಾದ 1940ರ ದಶಕದ ಕೊನೆಯ ವೇಳೆಗೆ ಬಲಗೊಂಡಿತು. ಇದಕ್ಕೆ ಕ್ಯಾನರರ ಬರಹವೂ ಎಡೆಗೊಟ್ಟಿತು. ಅಂಥ ತಾಯಂದಿರನ್ನು 'ರೆಫ್ರಿಜರೇಟರ್ ತಾಯಂದಿರು' ಎಂದು ಕರೆದರು. 1967ರಲ್ಲಿ ಚಿಕಾಗೋದ ಬ್ರೂನೋ ಬೆಟಲ್‌ಹೈಮ್ ಇದೇ ವಾದವನ್ನು ಒಂದು ಪುಸ್ತಕದ ಮೂಲಕ ಮನೆಮನೆಗೆ ಮುಟ್ಟಿಸಿದನು. ರಾತ್ರಿಯೆಲ್ಲ ನಿದ್ದೆಗೆಟ್ಟು ಮಗುವನ್ನು ಎತ್ತಿ ಆಡಿಸಿದ ತಾಯಿಗೆ 'ನಿನ್ನ ಎದೆಯ ತಣ್ಪೇ ಈ ರೋಗಕ್ಕೆ ಮೂಲ' ಎಂದು ವೈದ್ಯಪೀಠದಿಂದ ತೀರ್ಪು! ಮಗುವಿನ ಮೇಲಿನ ಮರುಕ ತಾಯಿಯ ಮೇಲಿನ ಕ್ರೌರ್ಯವಾಗಿ ಪರಿಣಮಿಸಿದ ಈ ಪ್ರಕರಣವನ್ನು ಚಿಕಿತ್ಸಕರಾಗಬಯಸುವ ಪ್ರತಿಯೊಬ್ಬರೂ ನೆನಪಿನಲ್ಲಿಡಬೇಕು.

ಈ ಕಟ್ಟನ್ನು ಕತ್ತರಿಸಿದವರಲ್ಲಿ ಸ್ವತಃ ತಂದೆತಾಯಿಗಳೇ ಮುಂದಾಳುಗಳಾದರು. ಸ್ವಲೀನ ಮಗನಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲಿ ಒಂದು ಗ್ರಂಥವನ್ನು ಬರೆದು, ಇದರ ಮೂಲ ಶರೀರದಲ್ಲಿದೆಯೇ ಹೊರತು ತಾಯಿಯ ನಡತೆಯಲ್ಲಿಲ್ಲ ಎಂದು ವಾದಿಸಿದರು. 1969ರಲ್ಲಿ ಕ್ಯಾನರರೇ ಪೋಷಕರ ಸಭೆಯೊಂದರಲ್ಲಿ ನಿಂತು, ಅವರನ್ನು ದೋಷಮುಕ್ತರೆಂದು ಸಾರಿದರು. 1977ರಲ್ಲಿ ಪ್ರಕಟವಾದ ಅವಳಿಮಕ್ಕಳ ಅಧ್ಯಯನವು ಅನುವಂಶೀಯತೆಯ ಪಾತ್ರ ದೊಡ್ಡದೆಂದು ತೋರಿಸಿತು. ಇಂಗ್ಲೆಂಡಿನಲ್ಲಿ ಮನೋವೈದ್ಯೆಯೂ ಸ್ವಲೀನ ಮಗಳ ತಾಯಿಯೂ ಆಗಿದ್ದ ಲೋರ್ನಾ ವಿಂಗ್ ಇತರ ಪೋಷಕರೊಡಗೂಡಿ 1962ರಲ್ಲಿ ಒಂದು ಸಂಘವನ್ನು ಸ್ಥಾಪಿಸಿದರು. ಸ್ವಲೀನತೆಯು ಒಂದೇ ಅಚ್ಚಿನದಲ್ಲ, ಕಾಮನಬಿಲ್ಲಿನ ಬಣ್ಣಗಳಂತೆ ಒಂದರೊಳಗೊಂದು ಬೆರೆತ ಹಲವು ಛಾಯೆಗಳಲ್ಲಿ ತೋರುತ್ತದೆ ಎಂಬ ಇಂದಿನ ಕಲ್ಪನೆಗೆ ಈ ಮಹಿಳೆಯ ಋಣ ದೊಡ್ಡದು.

ಇನ್ನೊಂದು ಎಚ್ಚರಿಕೆಯ ಮಾತೂ ಇಲ್ಲಿ ಅವಶ್ಯಕ. 1944ರಲ್ಲಿ ವಿಯೆನ್ನಾದ ವೈದ್ಯ ಹಾನ್ಸ್ ಆಸ್ಪರ್ಗರ್ ಇಂಥ ಬಾಲಕರ ಬಗೆಗೆ ಬರೆದ ಪ್ರಬಂಧದಲ್ಲಿ ಅವರ ವಿಶೇಷ ಪ್ರತಿಭೆಯನ್ನು ಕೊಂಡಾಡಿದ್ದಾನೆ. ಬಹುಕಾಲ ಅವನನ್ನು ಕರುಣಾಳುವೆಂದೇ ಲೋಕ ನಂಬಿತ್ತು. 2018ರಲ್ಲಿ ಇತಿಹಾಸಕಾರರು ಹಳೆಯ ಕಡತಗಳನ್ನು ತೆಗೆದು ತೋರಿಸಿದ ಸತ್ಯ ಬೇರೆ. ಪ್ರತಿಭೆ ಕಾಣದ ಕೆಲವು ಮಕ್ಕಳನ್ನು ಅವನು ನಾಟ್ಸಿಗಳು ಮಕ್ಕಳನ್ನು ಕೊಲ್ಲುತ್ತಿದ್ದ ಸಂಸ್ಥೆಗೆ ಕಳುಹಿಸಿದ್ದನು. ಪ್ರಯೋಜನಕ್ಕೆ ಬರುವವರ ಮೇಲೆ ಮಾತ್ರ ಸುರಿಯುವ ಕರುಣೆ ಕರುಣೆಯಲ್ಲ, ವ್ಯಾಪಾರ. ಇಂದೂ ನಾವು 'ಅವನು ಗಣಿತದಲ್ಲಿ ಮಹಾ ಜಾಣ' ಎಂಬ ಕಾರಣಕ್ಕೆ ಒಬ್ಬ ಸ್ವಲೀನನನ್ನು ಮೆಚ್ಚಿ, ಮಾತೇ ಬಾರದ, ಬಾಳಿನುದ್ದಕ್ಕೂ ಇನ್ನೊಬ್ಬರ ಆಸರೆಯಲ್ಲಿರಬೇಕಾದ ಇನ್ನೊಬ್ಬನಿಂದ ಮುಖ ತಿರುಗಿಸುತ್ತೇವಲ್ಲವೇ? ಗೌರವಕ್ಕೆ ಪ್ರತಿಭೆಯ ಶುಲ್ಕವನ್ನು ಕೇಳಬಾರದು.

ಹಾಗಾದರೆ ಅನುಕಂಪವನ್ನರಿತ ಚಿಕಿತ್ಸಕನ ದಾರಿ ಯಾವುದು? ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಬರೆದ ಹೆಸರಾಂತ ಲೇಖನವೊಂದರಲ್ಲಿ, ಚಿಕಿತ್ಸಕನಲ್ಲಿ ಇರಬೇಕಾದ ಮೂರು ಗುಣಗಳನ್ನು ನಿರೂಪಿಸಿದರು. ಒಳಗೊಂದು ಹೊರಗೊಂದಿಲ್ಲದ ಪ್ರಾಮಾಣಿಕತೆ; ಬಂದವನನ್ನು ಯಾವ ಷರತ್ತೂ ಇಲ್ಲದೆ ಆದರಿಸುವ ಮನಸ್ಸು; ಅವನ ಒಳಲೋಕವನ್ನು ತನ್ನದೇ ಎಂಬಂತೆ ಅರಿಯುವ ಶಕ್ತಿ. 'ತನ್ನದೇ' ಅಲ್ಲ, 'ತನ್ನದೇ ಎಂಬಂತೆ'. ಉಪಮೆಯ ವಾಚಕಪದವನ್ನು ಮರೆತರೆ ಅಲಂಕಾರವೂ ಕೆಡುತ್ತದೆ, ಚಿಕಿತ್ಸೆಯೂ ಕೆಡುತ್ತದೆ. ನನ್ನ ಅನುಭವವನ್ನೇ ಇವನ ಮೇಲೆ ಹೊದಿಸಿ 'ನನಗೆಲ್ಲ ತಿಳಿಯಿತು' ಎಂದುಕೊಳ್ಳುವ ಅಪಾಯ, ಬೇರೆ ಬಗೆಯ ಮೆದುಳಿನವನು ಎದುರಿಗಿದ್ದಾಗ ನೂರ್ಮಡಿಯಾಗುತ್ತದೆ.

ಬಣ್ಣನೆಯ ಭಾಷೆಯನ್ನೇ ನೋಡಿ. ಕನ್ನಡದ ಸೊಗಸೆಲ್ಲ ನುಡಿಗಟ್ಟುಗಳಲ್ಲಿದೆಯೆಂದು ತರಗತಿಯಲ್ಲಿ ಬೋಧಿಸಿ ಸಂಬಳ ಪಡೆಯುವವನು ನಾನು. ಆದರೆ ಮಾತನ್ನು ಮಾತಿನಂತೆಯೇ ಗ್ರಹಿಸುವ ಸ್ವಲೀನ ಬಾಲಕನೊಬ್ಬನಿಗೆ 'ತಪ್ಪನ್ನು ಹೊಟ್ಟೆಗೆ ಹಾಕಿಕೋ', 'ನನ್ನ ತಲೆ ತಿನ್ನಬೇಡ', 'ಮಾವನ ಕಿವಿ ಚುಚ್ಚಿದವರಾರು?' ಎಂಬ ಮಾತುಗಳು ಎಷ್ಟು ಭಯಾನಕವಾಗಿ ಕೇಳಿಸಬಹುದೆಂದು ಊಹಿಸಿ! ಇಂಗ್ಲೆಂಡಿನ ರಾಷ್ಟ್ರೀಯ ವೈದ್ಯಕೀಯ ಮಾರ್ಗಸೂಚಿ 2012ರಲ್ಲಿಯೇ, ವಯಸ್ಕ ಸ್ವಲೀನರಿಗೆ ಮಾನಸಿಕ ಚಿಕಿತ್ಸೆ ಕೊಡುವಾಗ ರೂಪಕಗಳನ್ನೂ ಸಂದಿಗ್ಧಾರ್ಥದ ಮಾತುಗಳನ್ನೂ ಆದಷ್ಟು ತ್ಯಜಿಸಬೇಕು. ಸರಳವಾದ ನೇರಮಾತುಗಳನ್ನು ಬಳಸಬೇಕು. ಹೇಳಿದುದನ್ನು ಬರೆದೂ ಚಿತ್ರಿಸಿಯೂ ತೋರಿಸಬೇಕು. ನಡುನಡುವೆ ವಿರಾಮ ಕೊಡಬೇಕು. ಅವರಿಗೆ ಪ್ರಿಯವಾದ ವಿಷಯವನ್ನು ಚಿಕಿತ್ಸೆಯೊಳಕ್ಕೆ ಸೇರಿಸಿಕೊಳ್ಳಬೇಕು ಎಂದು ವಿಧಿಸಿತು. ಈ ಕೊನೆಯ ವಿಧಿಯನ್ನು ಮಿಸಿಸಿಪಿಯ ರೈತನು ಎಪ್ಪತ್ತು ವರ್ಷಗಳ ಹಿಂದೆಯೇ ಆಚರಿಸಿದ್ದನೆಂಬುದನ್ನು ವಾಚಕರು ಗಮನಿಸಿರಬಹುದು.

ಕೊಠಡಿಯ ವಿಷಯವೂ ಉಂಟು. ನಮಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಗುಂಯ್‌ಗುಡುವ ಟ್ಯೂಬ್‌ಲೈಟು, ತಿರುಗುವ ಫ್ಯಾನಿನ ಕಿರುಗುಟ್ಟುವಿಕೆ, ಪಕ್ಕದ ಮನೆಯ ಒಗ್ಗರಣೆಯ ಘಾಟು, ಅಂಗಿಯ ಕತ್ತುಪಟ್ಟಿಯ ಗರಿಗರಿ, ಇವು ಕೆಲವರಿಗೆ ಸೂಜಿಯಂತೆ ಚುಚ್ಚುತ್ತವೆ. ಆದುದರಿಂದ ಅರಿತ ಚಿಕಿತ್ಸಕನು ಮೊದಲು ದೀಪವನ್ನು ಆರಿಸಲೇ ಎಂದು ಕೇಳುತ್ತಾನೆ. ಆಮೇಲೆ ಮನಸ್ಸಿನ ಮಾತು. ಕಣ್ಣಿನಲ್ಲಿ ಕಣ್ಣಿಟ್ಟು ನೋಡೆಂದು ಒತ್ತಾಯಿಸುವುದಿಲ್ಲ. ಬೇರೆಡೆ ನೋಡುತ್ತಲೇ ಅವರು ಚೆನ್ನಾಗಿ ಕೇಳಿಸಿಕೊಳ್ಳಬಲ್ಲರು. 'ನಿನಗೆ ಹೇಗನ್ನಿಸುತ್ತದೆ?' ಎಂಬ ಪ್ರಶ್ನೆಗೆ ಮೌನವೇ ಉತ್ತರವಾದರೆ ಅದನ್ನು ಹಟವೆಂದು ತಿಳಿಯುವುದಿಲ್ಲ. ಭಾವವಿದ್ದರೂ ಅದರ ಹೆಸರು ದೊರೆಯದವರು ಅನೇಕರಿದ್ದಾರೆ. 'ಎದೆ ಬಿಗಿಯಿತೇ? ಕೈ ಬೆವರಿತೇ?' ಎಂದು ದೇಹದ ಮೆಟ್ಟಿಲಿನಿಂದ ಆರಂಭಿಸಿ ಮೆಲ್ಲನೆ ಮೇಲಕ್ಕೆ ಕರೆದೊಯ್ಯುತ್ತಾನೆ. ಮಾತನಾಡುತ್ತ ಬೆರಳುಗಳನ್ನು ಆಡಿಸಿದರೆ, ಕುಳಿತಲ್ಲಿಯೇ ತೂಗಿದರೆ, ತಡೆಯುವುದಿಲ್ಲ. ಅದು ಆ ದೇಹ ತನ್ನನ್ನು ತಾನೇ ಸಂತೈಸಿಕೊಳ್ಳುವ ಬಗೆ.

ಅನೇಕರು ಲೋಕದ ಕಣ್ಣಿಗೆ ಸರಿಕಾಣಬೇಕೆಂದು ಇವೆಲ್ಲವನ್ನೂ ಅದುಮಿಟ್ಟು, ನಗುವ ಕಡೆ ನಕ್ಕು, ತಲೆದೂಗುವ ಕಡೆ ತೂಗಿ, ದಿನವಿಡೀ ವೇಷವನ್ನು ಧರಿಸಿರುತ್ತಾರೆ. ಯಕ್ಷಗಾನದ ವೇಷಧಾರಿಗೆ ಬೆಳಗಾದ ಮೇಲೆ ಬಣ್ಣ ಅಳಿಸುವ ಭಾಗ್ಯವುಂಟು. ಇವರಿಗೆ ಅದೂ ಇಲ್ಲ. ಈ ನಟನೆಯ ಬೆಲೆ ತೀವ್ರವಾದ ಬಳಲಿಕೆ, ಕಳವಳ, ಕೆಲವೊಮ್ಮೆ ಆಳವಾದ ಖಿನ್ನತೆ ಎಂದು ಈಚಿನ ಸಂಶೋಧನೆಗಳು ತಿಳಿಸುತ್ತವೆ. ವೇಷವನ್ನು ಕಳಚಿ ಕೂರಬಹುದಾದ ಒಂದೇ ಒಂದು ಜಾಗ ಚಿಕಿತ್ಸಕನ ಕೊಠಡಿಯಾದರೂ ಆಗಬೇಡವೇ?

'ಸ್ವಲೀನರಿಗೆ ಪರರ ಭಾವ ತಿಳಿಯದು' ಎಂಬ ಮಾತನ್ನು ಎಲ್ಲರೂ ಕೇಳಿರುತ್ತೀರಿ. ತಾನೂ ಸ್ವಲೀನನಾದ ಆಂಗ್ಲ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಈ ಮಾತನ್ನು ತಿರುವಿ ಹಾಕಿದನು. ಅವರಿಗೆ ನಮ್ಮ ಭಾವ ತಿಳಿಯದಿರಬಹುದು. ನಮಗೆ ಅವರದು ತಿಳಿಯುತ್ತದೆಯೇ? ತೊಡಕು ಇಬ್ಬರ ನಡುವೆ ಇದೆ, ಒಬ್ಬನ ತಲೆಯೊಳಗಲ್ಲ. ಒಂದು ಕಥೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ಪ್ರಯೋಗವೊಂದು 2020ರಲ್ಲಿ ಪ್ರಕಟವಾಯಿತು. ಸ್ವಲೀನರೇ ಇದ್ದ ಸಾಲಿನಲ್ಲಿ ಕಥೆ ಇತರರ ಸಾಲಿನಲ್ಲಿ ಸಾಗಿದಷ್ಟೇ ಚೆನ್ನಾಗಿ ಸಾಗಿತು. ಕನ್ನಡ ಬಾರದವನನ್ನು ಮೂಕನೆನ್ನುವುದು ಎಷ್ಟು ಸರಿಯೋ, ನಮ್ಮ ರೀತಿಯಲ್ಲಿ ಸ್ಪಂದಿಸದವನನ್ನು ಹೃದಯಹೀನನೆನ್ನುವುದೂ ಅಷ್ಟೇ ಸರಿ!

'ಇದೆಲ್ಲ ಮುದ್ದಿನಿಂದ ಕೆಡಿಸುವ ದಾರಿಯಲ್ಲವೇ?' ಎಂದು ಕೇಳುವ ಹಿರಿಯರಿದ್ದಾರೆ. ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ರಸ್ತೆ ದಾಟುವುದನ್ನು, ಹಣ ಎಣಿಸುವುದನ್ನು, 'ಬೇಡ' ಎಂದು ಹೇಳುವುದನ್ನು ಎಲ್ಲ ಮಕ್ಕಳೂ ಕಲಿಯಲೇಬೇಕು. ನಿದ್ದೆ ಬಾರದಿದ್ದರೆ, ಮೂರ್ಛೆ ಬಂದರೆ ಔಷಧೋಪಚಾರ ಬೇಕೇ ಬೇಕು. ಆದರೆ ಕಲಿಸುವುದು ಬೇರೆ, ನಮ್ಮಂತೆ ಕಾಣಿಸುವ ಹಾಗೆ ತಿದ್ದುವುದು ಬೇರೆ. ಕನ್ನಡಕ ಬೇಕಾದ ಹುಡುಗನಿಗೆ ಕನ್ನಡಕವನ್ನು ಕೊಟ್ಟರೆ ಮುದ್ದು ಮಾಡಿದಂತಾಗುವುದಿಲ್ಲ. ಸ್ವಲೀನತೆಯನ್ನು ಸಂಪೂರ್ಣ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವವರ ಬಲೆಗೆ ಬೀಳುವ ಪೋಷಕರು ಹಣದೊಡನೆ ಮಗುವಿನ ಅಮೂಲ್ಯವಾದ ವರ್ಷಗಳನ್ನೂ ಕಳೆದುಕೊಳ್ಳುತ್ತಾರೆ.

ಇನ್ನು, ಎಲ್ಲರೂ ಮರೆಯುವ ಒಂದು ವರ್ಗದ ಕಡೆಗೆ ತಿರುಗೋಣ. ಪರರ ಭಾರವನ್ನು ಹೊರುವವರ ಹೆಗಲನ್ನು ನೋಡುವವರು ಯಾರು? 1974ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್, ಬಡವರಿಗೆ ಉಚಿತವಾಗಿ ಸೇವೆ ಸಲ್ಲಿಸುತ್ತಿದ್ದ ಚಿಕಿತ್ಸಾಲಯದ ಕಾರ್ಯಕರ್ತರು ಎಣ್ಣೆ ತೀರಿದ ಹಣತೆಗಳಂತೆ ಆರಿಹೋಗುತ್ತಿದ್ದುದನ್ನು ಕುರಿತು ಬರೆದರು. ಸ್ವತಃ ಅವರಿಗೂ ಆ ಗತಿ ಒದಗಿತ್ತು. ಕ್ರಿಸ್ಟಿನಾ ಮ್ಯಾಸ್ಲಾಕ್ ಎಂಬ ವಿದುಷಿ ಇದರ ಮೂರು ಮುಖಗಳನ್ನು ಗುರುತಿಸಿದರು: ಭಾವ ಬತ್ತಿಹೋಗುವುದು, ಎದುರಿಗಿರುವ ಮನುಷ್ಯ ಮನುಷ್ಯನಾಗಿ ಕಾಣದೆ ಒಂದು ಕಡತವಾಗಿ ಕಾಣುವುದು, ತನ್ನಿಂದೇನೂ ಆಗಲಿಲ್ಲವೆಂಬ ನಿರಾಶೆ. ಇವುಗಳಲ್ಲಿ ಎರಡನೆಯದು ಅತ್ಯಂತ ಅಪಾಯಕರ. ದಣಿದ ದಾದಿಯೊಬ್ಬಳು, ವಿಶೇಷ ಶಾಲೆಯ ಶಿಕ್ಷಕಿಯೊಬ್ಬಳು, ಮಗುವಿನ ಮೇಲೆ ಗದರಿದಳೆಂದು ನಾವು ಸಿಡಿಮಿಡಿಗೊಳ್ಳುತ್ತೇವೆ. ಆ ದಿನ ಆಕೆಯ ಪಾಲಿಗೆ ಎಷ್ಟು ಮಕ್ಕಳು ಬಂದಿದ್ದರು, ಊಟಕ್ಕೆ ಬಿಡುವು ಸಿಕ್ಕಿತ್ತೇ ಎಂದು ಕೇಳುವುದಿಲ್ಲ.

ಮೊದಲು ಹೇಳಿದ ಶಬ್ದವಿಚಾರ ಇಲ್ಲಿ ಇನ್ನೊಂದು ತಿರುವನ್ನು ಪಡೆಯುತ್ತದೆ. ಪರರೊಡನೆ ಕಂಪಿಸುತ್ತಲೇ ಇದ್ದರೆ ಕಂಪಿಸುವವನೂ ಕುಸಿಯುತ್ತಾನೆ. ಓಲ್ಗಾ ಕ್ಲಿಮೆಟ್ಸ್ಕಿ, ತಾನ್ಯಾ ಸಿಂಗರ್ ಮೊದಲಾದವರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಲವರಿಗೆ ಮೊದಲು ಪರರ ನೋವನ್ನು ತಮ್ಮದಾಗಿ ಅನುಭವಿಸುವ ಅಭ್ಯಾಸವನ್ನು ಮಾಡಿಸಿದರು. ಅವರ ಸಂಕಟ ಹೆಚ್ಚಿತು. ಆಮೇಲೆ ನೊಂದವನಿಗೆ ಒಳಿತಾಗಲಿ ಎಂದು ಹಾರೈಸುವ ಕರುಣೆಯ ಅಭ್ಯಾಸವನ್ನು ಮಾಡಿಸಿದರು. ಸಂಕಟ ಇಳಿದು ಮನಸ್ಸು ಚೇತರಿಸಿಕೊಂಡಿತು. ಅನುಕಂಪ ಬಾಗಿಲು, ಒಳಗಿನ ಮನೆ ಕರುಣೆ. ಬಾಗಿಲಲ್ಲಿಯೇ ನಿಂತವನು ಬಿಸಿಲುಮಳೆಗೆ ಸಿಕ್ಕಿ ಬಳಲುತ್ತಾನೆ.

ಆದರೆ ಧ್ಯಾನದ ಉಪದೇಶ ಒಂದರಿಂದಲೇ ಸಹಾಯಕರ ದಣಿವು ನೀಗದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಈ ಬಳಲಿಕೆಯನ್ನು ವ್ಯಕ್ತಿಯ ರೋಗವೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದೇ ವರ್ಗೀಕರಿಸಿತು. ಕೆಲಸ ಮಿತಿಮೀರಿದ್ದರೆ ಕೆಲಸವನ್ನೇ ಇಳಿಸಬೇಕು. 1950ರ ದಶಕದಲ್ಲಿ ಲಂಡನ್ನಿನ ಮೈಕೇಲ್ ಬಾಲಿಂಟ್ ಮತ್ತು ಈನಿಡ್ ಬಾಲಿಂಟ್ ದಂಪತಿಗಳು ಸಾಮಾನ್ಯ ವೈದ್ಯರನ್ನು ಒಂದು ಸಣ್ಣ ಗುಂಪಾಗಿ ಕೂರಿಸುವ ಪದ್ಧತಿಯನ್ನು ರೂಢಿಗೆ ತಂದರು. ಒಬ್ಬ ವೈದ್ಯನು ತನ್ನನ್ನು ಕಾಡಿದ ರೋಗಿಯ ಸಂಗತಿಯನ್ನು ಹೇಳುತ್ತಾನೆ. ಉಳಿದವರು ತೀರ್ಪು ಕೊಡದೆ ಕೇಳಿ, ಆ ರೋಗಿ ವೈದ್ಯನಲ್ಲಿ ಎಬ್ಬಿಸಿದ ಭಾವಗಳನ್ನು ವಿಚಾರಿಸುತ್ತಾರೆ. ಬಾಲಿಂಟ್ ಗುಂಪುಗಳೆಂಬ ಹೆಸರಿನಲ್ಲಿ ಇದು ಇಂದಿಗೂ ಅನೇಕ ದೇಶಗಳಲ್ಲಿ ನಡೆದುಬಂದಿದೆ. ಸಹಾಯಕರಲ್ಲಿಯೇ ಬೇರೆ ಬಗೆಯ ಮೆದುಳಿನವರು ಇದ್ದಾರೆಂಬುದನ್ನೂ ಮರೆಯಬಾರದು. ತಾವೇ ವೇಷ ಹೊತ್ತು ದಣಿದ ಅವರಿಗೆ ವೇಷವಿಲ್ಲದೆ ಮಾತನಾಡಬಹುದಾದ ಇಂಥ ಗುಂಪು ಇಮ್ಮಡಿ ಅವಶ್ಯಕ.

ನಮ್ಮ ದೇಶದ ಮಾತು? ಇಲ್ಲಿ ಬಹುಮಟ್ಟಿಗೆ ಸಹಾಯಕರೆಂದರೆ ಮನೆಯವರೇ. ಇದನ್ನು ಬಲವೆಂದು ಮೊದಲು ಕಂಡವರಲ್ಲಿ ಅಮೃತಸರದ ಮನೋವೈದ್ಯ ವಿದ್ಯಾಸಾಗರರು ಒಬ್ಬರು. 1950ರ ದಶಕದಲ್ಲಿ ಅವರು ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳೊಡನೆ ಅವರ ಕುಟುಂಬದವರನ್ನೂ ಉಳಿಸಿಕೊಂಡು ಚಿಕಿತ್ಸೆಯ ಸಹಭಾಗಿಗಳನ್ನಾಗಿ ಮಾಡಿದರು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು, ಹಳೆಯ ಮಾನಸಿಕ ಆಸ್ಪತ್ರೆಯೊಡನೆ 1974ರಲ್ಲಿ ಸೇರಿ ಇಂದಿನ ನಿಮ್ಹಾನ್ಸ್ ಆಯಿತೆಂಬುದು ಕನ್ನಡಿಗರಿಗೆ ತಿಳಿದದ್ದೇ. ಕಾನೂನೂ ನಿಧಾನವಾಗಿ ಹೆಜ್ಜೆ ಹಾಕಿದೆ. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಸ್ವಲೀನತೆಯ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಅದನ್ನು ಗುರುತಿಸಿತು. 2016ರ ಕಾಯಿದೆಯ ಇಪ್ಪತ್ತೊಂದು ವಿಧಗಳಲ್ಲಿ ಸ್ವಲೀನತೆಗೂ, ಡಿಸ್ಲೆಕ್ಸಿಯವನ್ನೊಳಗೊಂಡ ಕಲಿಕೆಯ ತೊಡಕುಗಳಿಗೂ ಸ್ಥಾನ ದೊರೆಯಿತು. ಯಾರಾದರೂ ತಾವು ವಿಶೇಷ ಶಿಕ್ಷಕರೆಂದೋ ಚಿಕಿತ್ಸಾ ಮನಶ್ಶಾಸ್ತ್ರಜ್ಞರೆಂದೋ ಹೇಳಿಕೊಂಡರೆ, 1992ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರುವರೇ ಎಂದು ಸಂಕೋಚವಿಲ್ಲದೆ ಕೇಳುವ ಹಕ್ಕು ಪೋಷಕರಿಗಿದೆ.

ಆದರೆ ಕಾಯಿದೆಯ ಕೈ ಮನೆಯ ಹಜಾರದವರೆಗೆ ಚಾಚುವುದಿಲ್ಲ. ಮದುವೆಯ ಮನೆಯಲ್ಲಿ ವಾಲಗದ ದನಿಗೆ ಕಿವಿ ಮುಚ್ಚಿ ಕಿರುಚುವ ಮಗುವನ್ನು ಕಂಡು 'ಏನು ಸಾಕಿದ್ದಾಳೋ!' ಎಂದು ಪಿಸುಗುಡುವವರು ನ್ಯಾಯಾಧೀಶರಲ್ಲ, ನಮ್ಮ ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯವರು. 1967ರ ಆ ಪುಸ್ತಕವನ್ನು ಅವರಾರೂ ಓದಿಲ್ಲ. ಆದರೂ ಅದರ ತೀರ್ಪನ್ನು ಪ್ರತಿದಿನವೂ ಓದಿ ಹೇಳುತ್ತಿದ್ದಾರೆ. ಆ ತೀರ್ಪನ್ನು ರದ್ದುಮಾಡುವ ಅಧಿಕಾರ ಈ ಲೇಖನವನ್ನು ಓದುತ್ತಿರುವ ಪ್ರತಿಯೊಬ್ಬರಿಗೂ ಇದೆ.

ಮುಂದಿನ ಸಲ ಅಂಥ ತಾಯಿಯೊಬ್ಬಳು ಮಗುವನ್ನೆತ್ತಿಕೊಂಡು ಛತ್ರದ ಮೂಲೆಗೆ ಸರಿದುದನ್ನು ಕಂಡರೆ, ಉಪದೇಶ ಬೇಡ, ನಿಟ್ಟುಸಿರೂ ಬೇಡ. ಸದ್ದಿಲ್ಲದ ಒಂದು ಕೋಣೆಯ ಬಾಗಿಲನ್ನು ತೆರೆದುಕೊಡಿ. "ಮಗುವನ್ನು ನಾನು ಹತ್ತು ನಿಮಿಷ ನೋಡಿಕೊಳ್ಳುತ್ತೇನಮ್ಮ, ಇವನಿಗೆ ಏನು ಇಷ್ಟ ಎಂದು ಹೇಳಿ, ನೀವು ಊಟ ಮಾಡಿ ಬನ್ನಿ" ಎನ್ನಿ. ಎಣಿಸುವುದು ಇಷ್ಟವೆಂದರೆ ಅವನೊಡನೆ ಕುಳಿತು ಕಿಟಕಿಯ ಸರಳುಗಳನ್ನು ಎಣಿಸಿ. ಆ ಮಗುವಿಗೆ ಜೊತೆ ದೊರೆಯುತ್ತದೆ. ಆ ತಾಯಿ ಎಷ್ಟೋ ದಿನಗಳ ಮೇಲೆ ಬಿಸಿಯಾದ ಅನ್ನವನ್ನು ನೆಮ್ಮದಿಯಾಗಿ ಉಣ್ಣುತ್ತಾಳೆ.